ಹಲ್ಲು ನೋಡಿ ಕೊಂಡ ಬೈಕು

‘ಹಲ್ಲಿದ್ದಾಗ ಕಡಲೆ ಇಲ್ಲ, ಕಡಲೆ ಇದ್ದಾಗ ಹಲ್ಲಿಲ್ಲ’ ಎಂಬ ಗಾದೆ ಕಟ್ಟಿದವನು ನಮ್ಮ ಅಕ್ಕನ ಮನೆ ಕಡೆ ಬಂದವನಲ್ಲ. ಬಂದಿದ್ದರೆ ಗಾದೆಯ ಎರಡನೆಯ ಅರ್ಧವನ್ನು ಅಲ್ಲೇ ರಿಪೇರಿ ಮಾಡಿಸಿಕೊಂಡು ಹೋಗುತ್ತಿದ್ದ. ಅಕ್ಕನ ಕಸುಬೇ ಅದು. ಹಲ್ಲಿನ ಡಾಕ್ಟರುಗಳು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಅಕ್ಕ ಅದಕ್ಕೆ ತಕ್ಕ ಹಲ್ಲಿನ ಸೆಟ್ಟು ಮಾಡಿ ಕೊಡುತ್ತಾಳೆ. ಊರಿನ ಅರ್ಧ ನಗು ಅವಳ ಕೈಯಿಂದಲೇ ಹೊರಬಿದ್ದದ್ದು.

ಮನೆಯ ಹಿಂಭಾಗದಲ್ಲಿ ಅವಳ ಕೆಲಸದ ಕೋಣೆ. ಕಿಟಕಿಯ ಕೆಳಗೆ ಉದ್ದನೆಯ ಮೇಜು, ಮೇಣ ಕರಗಿಸುವ ಪುಟ್ಟ ದೀಪ, ಪಾಲಿಶ್ ಹಾಕುವ ಮೋಟಾರು, ಎಲ್ಲದರ ಮೇಲೂ ತೆಳ್ಳಗೆ ಹರಡಿದ ಪ್ಲಾಸ್ಟರ್ ಪುಡಿ. ಗೋಡೆಯ ಕಪಾಟಿನಲ್ಲಿ ಬಿಳಿ ದವಡೆಗಳ ಸಾಲು. ಒಳಗೆ ಕಾಲಿಟ್ಟರೆ ಅಷ್ಟೂ ಬಾಯಿಗಳು ಒಟ್ಟಿಗೆ ಹಲ್ಲು ಕಿರಿಯುತ್ತವೆ. ಡ್ರಾಯರುಗಳಲ್ಲಿ ಬಣ್ಣದ ಪ್ರಕಾರ ಜೋಡಿಸಿಟ್ಟ ಹಲ್ಲುಗಳು: ಮುತ್ತಿನ ಬಿಳುಪು, ದಂತದ ಬಿಳುಪು, ಹೊತ್ತುಗೊತ್ತಿಲ್ಲದೆ ಕಾಫಿ ಕುಡಿಯುವವರ ಬಿಳುಪು. ಈ ಕೋಣೆಗೆ ಇರುವುದು ಒಂದೇ ಕಾನೂನು. ಯಾರ ಬಾಯಲ್ಲಿ ಕಟ್ಟಿಸಿದ ಹಲ್ಲಿದೆ ಎಂದು ಹೊರಗೆ ಬಾಯಿ ಬಿಡಬಾರದು. ಇಷ್ಟು ವರ್ಷ ಸಂಸಾರ ಮಾಡಿದ ಭಾವನಿಗೂ ಪಕ್ಕದ ಮನೆಯವರ ಹಲ್ಲು ಅಸಲೋ ನಕಲೋ ಗೊತ್ತಿಲ್ಲ.

ಕಿಟಕಿಯಾಚೆ ಒಂದು ಗುಡ್ಡ. ಊರು ಮುಗಿದಲ್ಲಿ ಶುರುವಾಗಿ, ಪೊದೆ, ಬಂಡೆ, ಜಾರು ಮಣ್ಣು ದಾಟಿ, ಕೋರೆಹಲ್ಲಿನ ಹಾಗೆ ಚೂಪಾಗಿ ನಿಂತ ಗುಡ್ಡ. ಮೈಮೇಲೆ ಮೇಕೆಗಳು ತುಳಿದು ಮಾಡಿದ ಒಂದೇ ದಾರಿ. ಆ ಮೇಜು ಹಾಕಿದ ದಿನದಿಂದಲೂ ಅಕ್ಕ ಒಂದು ದವಡೆ ಮುಗಿಸಿ ತಲೆ ಎತ್ತಿದರೆ ನೋಡುವುದು ಆ ತುದಿಯನ್ನೇ. ‘ಒಂದು ದಿನ ಹತ್ತಬೇಕು’ ಅನ್ನುವುದು, ಇನ್ನೊಂದು ದವಡೆ ಎತ್ತಿಕೊಳ್ಳುವುದು. ಆ ಒಂದು ದಿನ ಬರುವಷ್ಟರಲ್ಲಿ ಅವಳ ಮಂಡಿ ಹೋಗಿತ್ತು.

ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಗುಡ್ಡ ಹತ್ತೋದು ಇನ್ನು ಕನಸಲ್ಲೂ ಬೇಡ” ಎಂದರು. ಅಕ್ಕ ಮನೆಗೆ ಬಂದವಳೇ ಮೇಜು ತಿರುಗಿಸಿ, ಗುಡ್ಡಕ್ಕೆ ಬೆನ್ನು ಹಾಕಿ ಕೂತಳು. ಮನೆಯಲ್ಲಿ ನಗುತ್ತಿದ್ದದ್ದು ಕಪಾಟಿನ ದವಡೆಗಳು ಮಾತ್ರ. ಆಮೇಲೊಂದು ಬೆಳಗ್ಗೆ, ಎಲ್ಲರೂ ತಿಂಡಿಗೆ ಕೂತಿದ್ದಾಗ, ಚಮಚ ಕೆಳಗಿಟ್ಟು ಹೇಳಿದಳು:

“ಗುಡ್ಡ ಹತ್ತಬೇಡಿ ಅಂದ್ರು. ಗಾಡಿ ಹತ್ತಬೇಡಿ ಅನ್ಲಿಲ್ಲ.”

ಭಾವ ಬೆಚ್ಚಿಬಿದ್ದರು. ಅವರು ಜೀವವಿಮೆ ಏಜೆಂಟರು. ಅವರ ಪ್ರಕಾರ ಲೋಕದಲ್ಲಿ ಎರಡೇ ಥರದ ಜನ: ಬಿದ್ದವರು, ಇನ್ನೂ ಬೀಳದವರು.

“ಯಾವ ಗಾಡಿ?”

“ಆಫ್ ರೋಡ್ ಬೈಕು. ಸೆಕೆಂಡ್ ಹ್ಯಾಂಡು.”

“ಆಫ್ ರೋಡಾ?” ಎಂದಳು ಅಮ್ಮ. “ಅರ್ಧ ರೋಡಿಗೆ ಹೋಗಿ ಏನು ಮಾಡ್ತೀಯೇ? ತಗೊಳ್ಳೋದು ತಗೋತೀಯ, ಪೂರ್ತಿ ರೋಡಿಂದೇ ತಗೋ.”

“ಅರ್ಧನೂ ಇಲ್ಲಮ್ಮ. ರೋಡೇ ಇಲ್ಲದ ಕಡೆ ಹೋಗೋ ಬೈಕು.”

“ರೋಡೇ ಇಲ್ಲದ ಮೇಲೆ ಬೈಕ್ಯಾಕೆ?”

“ನಾನೂ ಅದನ್ನೇ ಕೇಳ್ತಿರೋದು ಅತ್ತೆ” ಎಂದರು ಭಾವ, ಮದುವೆಯಾದ ಮೇಲೆ ಮೊದಲ ಸಲ ಅತ್ತೆಯ ಜೊತೆ ಒಂದೇ ಪಕ್ಷದಲ್ಲಿ ಕೂತು.

ಅಮ್ಮನ ಬಾಯಲ್ಲಿರುವುದು ಅಕ್ಕ ಮಾಡಿದ ಮೊಟ್ಟಮೊದಲ ಸೆಟ್ಟು. ಅಮ್ಮನೇ ಕಂಡಕಂಡವರಿಗೆಲ್ಲ ತೆಗೆದು ತೋರಿಸುವುದರಿಂದ ಗುಟ್ಟಿನ ಕಾನೂನು ಅವಳಿಗಿಲ್ಲ. ವಾದ ಗೆಲ್ಲುವ ಹಾಗಿದ್ದರೆ ಹಾಕಿಕೊಳ್ಳುತ್ತಾಳೆ, ಸೋಲುವ ಹಾಗಿದ್ದರೆ ತೆಗೆದಿಡುತ್ತಾಳೆ. ಅಂದು ಅಕ್ಕನ ಮುಖ ಒಮ್ಮೆ ನೋಡಿ, ಹಲ್ಲು ತೆಗೆದು ಲೋಟಕ್ಕೆ ಹಾಕಿದಳು. ಭಾವ ಒಂಟಿಯಾದರು. ಒಂಟಿಯಾಗಿಯೇ ಒಂದು ಷರತ್ತು ಹಾಕಿದರು: ಸೀಟಿನ ಮೇಲೆ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ಸಿಗಬೇಕು. ಗಾಡಿ ವಾಲಿದರೆ ಆ ಮಂಡಿ ತಡೆಯುವುದಿಲ್ಲ. ಅಂಥ ಬೈಕು ಸಿಕ್ಕಿದರೆ ಸರಿ, ಸಿಗದಿದ್ದರೆ ಗುಡ್ಡದ ಮಾತು ಮತ್ತೆ ಎತ್ತಬಾರದು.

ಷರತ್ತು ನ್ಯಾಯವೇ. ತೊಂದರೆ ಏನೆಂದರೆ ಈ ಜಾತಿಯ ಬೈಕುಗಳು ಒಂಟೆಯ ಎತ್ತರ, ನಮ್ಮಕ್ಕ ಮೊಲದ ಎತ್ತರ.

“ಹ್ಯಾಂಡು ಸೆಕೆಂಡಾದ್ರೂ ಪರವಾಗಿಲ್ಲ, ಲೆಗ್ಗು ಫಸ್ಟು” ಎಂದು ಒಪ್ಪಿಬಿಟ್ಟಳು.

ಹುಡುಕುವ ಕೆಲಸ ನನ್ನ ಕೊರಳಿಗೆ ಬಿತ್ತು. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಇಂಗ್ಲಿಷಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ನನ್ನ ಸ್ವಂತ ಸಿಸ್ಟರಿಗೆ ವರದಿ ಒಪ್ಪಿಸಿದೆ. ಹೊಸಬರಿಗೆ ಹಗುರವಾದ, ತಣ್ಣನೆ ಸ್ವಭಾವದ ಎಂಜಿನ್ ಸಾಕು. ಮಂಡಿ ಹೋದವರಿಗೆ ಕಿಕ್ಕರ್ ಬೇಡ, ಬಟನ್ ಒತ್ತಿದರೆ ಎದ್ದೇಳುವಂಥದ್ದು ಬೇಕು. ರೇಸಿನ ಬೈಕಿನ ತಂಟೆಗೆ ಹೋಗಬಾರದು. ಅದಕ್ಕೆ ಲೈಟಿಲ್ಲ, ನಂಬರಿಲ್ಲ, ಆದರೆ ಮೇಲಿಂದ ಮೇಲೆ ಉಪಚಾರ ಮಾಡುತ್ತಲೇ ಇರಬೇಕು.

“ಅಳಿಯನ ಹಾಗೆ” ಎಂದಳು ಅಮ್ಮ. ಆಗ ಹಲ್ಲು ಹಾಕಿಕೊಂಡಿದ್ದಳು.

ಮೊದಲು ಹೋದದ್ದು ಹಳೇ ಬೈಕು ಮಾರುವ ಒಂದು ತಗಡಿನ ಶೆಡ್ಡಿಗೆ. ನಟ್ಟನಡುವೆ ಕೆಂಪು ಬೈಕೊಂದು ನಿಂತಿತ್ತು. ಮುಂದಿನ ಮಡ್‌ಗಾರ್ಡು ಕೊಕ್ಕಿನ ಹಾಗೆ ಮೇಲಕ್ಕೆ, ಸೈಲೆನ್ಸರು ಬಾಲದ ಹಾಗೆ ಇನ್ನೂ ಮೇಲಕ್ಕೆ. ನೋಡಿದ ಕೂಡಲೇ ಅಕ್ಕ ಕರಗಿಹೋದಳು. ಮೇಣ ಕೂಡ ಅಷ್ಟು ಬೇಗ ಕರಗುವುದಿಲ್ಲ. ಹತ್ತಲು ಅಲ್ಲೇ ಇದ್ದ ಸ್ಟೂಲು ಬೇಕಾಯಿತು. ಹತ್ತಿ ಕೂತರೆ ಎರಡು ಕಾಲೂ ಗಾಳಿಯಲ್ಲಿ, ಜೋಕಾಲಿಯಲ್ಲಿ ಕೂತ ಮಗುವಿನ ಹಾಗೆ.

“ಅಕ್ಕಾ, ಕಾಲು ನೆಲದ ಮೇಲಿಲ್ಲ.”

“ಸುಮ್ನಿರೋ! ಇಷ್ಟು ಖುಷೀಲಿ ಯಾರ ಕಾಲು ನೆಲದ ಮೇಲಿರುತ್ತೆ?”

“ಸೀಟು ಇಳಿಸಬಹುದು ಮೇಡಂ” ಎಂದು ಅಂಗಡಿಯವನು ಓಡಿ ಬಂದ. ಎಂಜಿನ್ ಮುಟ್ಟಿ ನೋಡಿದರೆ ಆಗಲೇ ಬಿಸಿ. ‘ತಣ್ಣಗಿದ್ದಾಗ ಸ್ಟಾರ್ಟ್ ಮಾಡಿ ನೋಡಿ, ಆಗಲೇ ರೋಗ ಗೊತ್ತಾಗುವುದು’ ಎಂದು ನಾನು ಓದಿದ್ದು ಅವನೂ ಓದಿದ್ದ ಅಂತ ಕಾಣುತ್ತದೆ. ಮುಂದಿನ ಚಕ್ರ ಹಿಡಿದ ಫೋರ್ಕಿನಿಂದ ಎಣ್ಣೆ ಜಿನುಗುತ್ತಿತ್ತು. “ಇದೇನಪ್ಪಾ, ಜೊಲ್ಲು ಸುರಿಸ್ತಿದೆ?” ಎಂದೆ. “ಈಗ ತಾನೇ ತೊಳೆದದ್ದು ಸಾರ್, ನೀರು” ಎಂದ. ನೀರು ಜಿಡ್ಡುಜಿಡ್ಡಾಗಿತ್ತು.

ಅಕ್ಕನ ಕಿವಿಗೆ ಇದೊಂದೂ ಬೀಳಲಿಲ್ಲ. ಮನಸ್ಸಿನಲ್ಲೇ ಅರ್ಧ ಗುಡ್ಡ ಏರಿದ್ದಳು. ಅಡ್ವಾನ್ಸ್ ಕೊಡಲು ಕೈ ಚೀಲಕ್ಕೆ ಹೋಗಿಯೂ ಆಗಿತ್ತು. ಇಳಿಯುವಾಗ ಅವಳ ಕಣ್ಣು ಹಿಂದಿನ ಚಕ್ರದ ಮೇಲೆ ಬಿತ್ತು. ಚೈನು ಕೂರುವ ಸ್ಪ್ರಾಕೆಟ್ಟಿಗೂ ಹಲ್ಲಿರುತ್ತದೆ, ನೋಡಿ. ಹಲ್ಲು ಕಂಡ ಮೇಲೆ ಅಕ್ಕ ಬಗ್ಗಲೇಬೇಕು. ಬಗ್ಗಿದಳು. ಸ್ಪ್ರಾಕೆಟ್ಟಿನ ಹಲ್ಲು ಥಳಥಳ, ಸುತ್ತಲಿನದೆಲ್ಲ ಗೀರು, ತುಕ್ಕು, ಗಾಯ.

“ಒಸಡು ಅರವತ್ತರದ್ದು, ಹಲ್ಲು ಹದಿನಾರರದ್ದು” ಎಂದು ಗೊಣಗಿ, ಅಂಗಡಿಯವನ ಕಡೆ ತಿರುಗಿದಳು. “ಇದು ಬದಲಾಯಿಸಿದ್ದಾ?”

“ದೇವರಾಣೆ ಇಲ್ಲ ಮೇಡಂ! ಹುಟ್ಟಿದಾಗ ಹೇಗಿತ್ತೋ ಹಾಗೇ ಇದೆ. ಎಲ್ಲಾ ಒರಿಜಿನಲ್!” ಎಂದು ಅವನು ಬಾಯಿ ತುಂಬ ನಕ್ಕ.

ಅಕ್ಕ ಆ ನಗುವನ್ನೇ ನೋಡಿದಳು. ಹತ್ತಿರ ಹೋಗಿ ನೋಡಿದಳು. ಹಳೇ ವಿದ್ಯಾರ್ಥಿಯನ್ನು ಸಂತೆಯಲ್ಲಿ ಗುರುತು ಹಿಡಿದ ಮೇಷ್ಟರ ಹಾಗೆ ಅವಳ ಮುಖ ಅರಳಿತು. ಭುಜ ಕುಲುಕಿತು. ಆಮೇಲೆ ನಗು ತಡೆಯಲಾರದೆ ಸೀಟು ಹಿಡಿದುಕೊಂಡು ನಿಂತಳು. ಪಾಪ, ಅವನೂ ಜೊತೆಗೆ ನಕ್ಕ. ನಕ್ಕಷ್ಟೂ ಅವಳ ನಗು ಜಾಸ್ತಿಯಾಯಿತು. ಕಣ್ಣೊರೆಸಿಕೊಂಡು, “ಬೇಡಪ್ಪಾ, ಬರ್ತೀವಿ” ಎಂದಳು.

ಹೊರಗೆ ಬಂದು ಎಷ್ಟು ಪೀಡಿಸಿದರೂ ಬಾಯಿ ಬಿಡಲಿಲ್ಲ. “ಹೊಸ ಹಲ್ಲು ಹಾಕಿಸಿಕೊಳ್ಳೋದು ತಪ್ಪಲ್ಲ ಕಣೋ. ಹಾಕಿಸಿಕೊಂಡೇ ಇಲ್ಲ ಅನ್ನೋದು ತಪ್ಪು. ನಾನು ಬೈಕಿನ ವಿಷಯ ಹೇಳ್ತಿರೋದು” ಎಂದಷ್ಟೇ ಅಂದಳು. ಅವಳು ಹೇಳಲಿಲ್ಲ. ನಾನೂ ನಿಮಗೆ ಏನೂ ಹೇಳಿಲ್ಲ.

ಆದರೆ ಕೆಂಪು ಬೈಕು ಕೈತಪ್ಪಿದ ಮೇಲೆ ಅಕ್ಕ ಸಪ್ಪಗಾದಳು. ನೋಡಿದ್ದೆಲ್ಲ ಎತ್ತರ, ಇಲ್ಲವೇ ಭಾರ, ಇಲ್ಲವೇ ಬೆಲೆ ಕೇಳಿದರೆ ಹಲ್ಲು ಕಚ್ಚಿಕೊಳ್ಳಬೇಕು. ಮೇಜು ಇನ್ನೂ ಗುಡ್ಡಕ್ಕೆ ಬೆನ್ನು ಹಾಕಿಯೇ ಇತ್ತು. ಅದನ್ನು ಎಲ್ಲರಿಗಿಂತ ಮೊದಲು ಗಮನಿಸಿದವರು ಭಾವ. ಒಂದು ಸಂಜೆ ಬ್ಯಾಗು ಕೆಳಗಿಡುತ್ತಾ, ಯಾರಿಗೋ ಹೇಳುವವರ ಹಾಗೆ ಹೇಳಿದರು:

“ದನದ ಡಾಕ್ಟರಮ್ಮ ಒಬ್ಬರಿದ್ದಾರೆ, ನಮ್ಮ ಪಾಲಿಸಿದಾರರು. ಅವರಿಗೆ ಈಗ ಜೀಪು ಕೊಟ್ಟಿದ್ದಾರಂತೆ, ಬೈಕು ಮಾರ್ತಾರಂತೆ. ಗುಡ್ಡ ಬೆಟ್ಟ ಎಲ್ಲ ಅದರಲ್ಲೇ ಸುತ್ತಿದವರು. ಇಷ್ಟು ವರ್ಷದಲ್ಲಿ ಒಂದೇ ಒಂದು ಕ್ಲೈಮ್ ಇಲ್ಲ.”

“ಜೀವವಿಮೆ ಕ್ಲೈಮ್ ಮಾಡ್ಬೇಕಾದ್ರೆ ಸಾಯ್ಬೇಕಲ್ರೀ!”

“ಅದೇ ಹೇಳಿದ್ದು. ಸತ್ತಿಲ್ಲ.”

ಡಾಕ್ಟರಮ್ಮನ ಮನೆಯ ಅಂಗಳದಲ್ಲಿ ಬೈಕು ಬಿಸಿಲು ಕಾಯಿಸುತ್ತಾ ನಿಂತಿತ್ತು. ಹಸಿರು ಬಣ್ಣ ಇತ್ತೆಂದು ನಂಬಿದರೆ ಹಸಿರು. ಅಲ್ಲಲ್ಲಿ ಜಜ್ಜಿದ ಗುರುತು, ಸೀಟಿಗೆ ಬೇರೆ ಬಟ್ಟೆಯ ತೇಪೆ. ಅಕ್ಕ ನಮಸ್ಕಾರ ಕೂಡ ಹೇಳದೆ ನೇರವಾಗಿ ಸ್ಪ್ರಾಕೆಟ್ಟಿನ ಮುಂದೆ ಬಗ್ಗಿದಳು. ಬಗ್ಗಿದವಳ ಮುಖ ಬಾಡಿತು.

“ಹಲ್ಲು ಪೂರ್ತಿ ಸವೆದಿದೆಯಲ್ಲ ಡಾಕ್ಟ್ರೇ. ಕೊಕ್ಕೆಯಾಗಿದೆ. ಇದಕ್ಕೆ ವಯಸ್ಸಾಗಿದೆ.”

“ಆಗಿದೆ. ನಾನೇ ಹೇಳೋಣ ಅಂತಿದ್ದೆ, ನೀವೇ ಬಾಯಿಗೆ ಕೈ ಹಾಕಿದ್ರಿ” ಎಂದರು ಡಾಕ್ಟರಮ್ಮ. ಅಕ್ಕನಿಗಿಂತ ಒಂದು ಬೆರಳು ಕುಳ್ಳಗಿದ್ದರು. “ಹಸು ಕೊಳ್ಳೋವಾಗ ನಾವೂ ಹಲ್ಲು ನೋಡ್ತೀವಿ. ಆದ್ರೆ ಹಲ್ಲು ಹೇಳೋದು ವಯಸ್ಸು, ಹಾಲಲ್ಲ. ಹಾಲು ಬೇಕಾದ್ರೆ ಬಟನ್ ಒತ್ತಿ ನೋಡಿ. ಬೆಳಗಿಂದ ಮುಟ್ಟಿಲ್ಲ, ತಣ್ಣಗಿದೆ.”

ಅಕ್ಕ ಬಟನ್ ಒತ್ತಿದಳು. ಬೈಕು ಒಮ್ಮೆ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಟುಕುಟುಕು ಎಂದು ಮಾತಿಗೆ ಕೂತಿತು. ಹೊಗೆ ಇಲ್ಲ. ಫೋರ್ಕಿನಲ್ಲಿ ಜೊಲ್ಲಿಲ್ಲ. ಚಕ್ರ ಹಿಡಿದು ಅಲ್ಲಾಡಿಸಿದರೆ ಅದುರಲಿಲ್ಲ.

“ಹತ್ತಿ” ಎಂದರು ಡಾಕ್ಟರಮ್ಮ. “ಸೀಟಿನ ಸ್ಪಂಜು ನನ್ನ ಅಳತೆಗೆ ಕೊಯ್ಸಿದ್ದೀನಿ. ಹಿಂದಿನ ಸ್ಪ್ರಿಂಗೂ ಇಳಿಸಿದೆ. ನಮ್ಮಂಥೋರಿಗೆ ಯಾರೂ ಬೈಕು ಮಾಡಲ್ಲ, ನಾವೇ ಮಾಡಿಸ್ಕೋಬೇಕು.”

ಅಕ್ಕ ಕಾಲೆತ್ತಿ ಹಾಕಿ ಕೂತಳು. ಭಾವ ನೆಲಕ್ಕೆ ಕೈಯೂರಿ, ಕೆನ್ನೆ ಮಣ್ಣಿಗೆ ತಾಗುವಷ್ಟು ಬಗ್ಗಿ, ಅವಳ ಹಿಮ್ಮಡಿಯ ಕೆಳಗೆ ತಮ್ಮ ವಿಸಿಟಿಂಗ್ ಕಾರ್ಡು ತೂರಿಸಲು ನೋಡಿದರು. ತೂರಲಿಲ್ಲ. ಇನ್ನೊಂದು ಕಾಲಿಗೂ ನೋಡಿದರು. ಅಲ್ಲೂ ತೂರಲಿಲ್ಲ.

“ಎರಡೂ ಕಾಲು ನೆಲದ ಮೇಲಿದೆ” ಎಂದು ಎದ್ದು ಧೂಳು ಕೊಡವಿಕೊಂಡರು. ಅಷ್ಟರಲ್ಲಿ ಅಕ್ಕ ನೆಲದ ಮೇಲಿರಲಿಲ್ಲ. ಅಂಗಳ ದಾಟಿ ಹುಲ್ಲಿನ ಬಯಲಿನಲ್ಲಿ “ಹೋ!” ಎಂದು ಕೂಗುತ್ತಾ ಸುತ್ತು ಹೊಡೆಯುತ್ತಿದ್ದಳು.

ಸೀಟು ಕಾಲಿಗೆಟುಕಿತು, ಬೆಲೆ ಕೈಗೆಟುಕಿತು. “ಹಲ್ಲು ಸವೆದಿದೆಯಲ್ಲೇ?” ಎಂದು ನಾನು ಚುಡಾಯಿಸಿದರೆ, “ಹಲ್ಲು ಬದಲಾಯಿಸೋಕೆ ನನಗೆ ಹೇಳಿಕೊಡಬೇಡ” ಎಂದಳು. ಸ್ಪ್ರಾಕೆಟ್ಟು, ಚೈನು ಎರಡೂ ಹೊಸದಾದವು. ಬೈಕು ಮನೆಗೆ ಬಂದ ದಿನವೇ ಮೇಜು ಕಿಟಕಿಯ ಕಡೆ ತಿರುಗಿತು.

ಕೆಲವು ಭಾನುವಾರ ಡಾಕ್ಟರಮ್ಮನ ಬಯಲಿನಲ್ಲೇ ಅಭ್ಯಾಸವಾಯಿತು. ಸ್ಕೂಟರಿನಲ್ಲಿ ದವಡೆ ಸಾಗಿಸಿ ಪಳಗಿದ ಕೈ, ಹೊಸದಾಗಿ ಕಲಿಯಬೇಕಾದದ್ದು ಕಲ್ಲಿನ ಮೇಲೆ ಹೆದರದಿರುವುದು, ಮಣ್ಣಿನಲ್ಲಿ ಅವಸರ ಮಾಡದಿರುವುದು. ಆಮೇಲೆ ಗುಡ್ಡ.

ಹೊರಡುವ ಬೆಳಗ್ಗೆ ಅಮ್ಮ ಅವಳ ಜೇಬಿಗೆ ಒಂದು ಮುಷ್ಟಿ ಹುರಿದ ಕಡಲೆ ತುಂಬಿದಳು. “ಮೇಲೆ ಕೂತು ತಿನ್ನು. ಹಲ್ಲಿದ್ದಾಗಲೇ ತಿನ್ನಬೇಕು” ಎಂದು ಬೊಚ್ಚು ಬಾಯಲ್ಲಿ ಹೇಳಿದಳು. ಭಾವ ಸೂಟ್‌ಕೇಸಿನಷ್ಟು ದೊಡ್ಡ ಔಷಧಿ ಪೆಟ್ಟಿಗೆ ಹೊತ್ತು ನನ್ನ ಜೊತೆ ಗುಡ್ಡದ ಬುಡದಲ್ಲಿ ನಿಂತರು. ಅಕ್ಕ ಹೆಲ್ಮೆಟ್ ಏರಿಸಿ, ನಮ್ಮ ಕಡೆ ಒಮ್ಮೆ ಹಾರ್ನ್ ಹೊಡೆದು, ಮೇಕೆದಾರಿ ಹಿಡಿದಳು. ಜಾರುವ ಕಡೆ ಎರಡೂ ಕಾಲು ಬಾತುಕೋಳಿಯ ಹಾಗೆ ನೆಲಕ್ಕೆ ತಾಗಿಸಿಕೊಂಡು, ಉಳಿದ ಕಡೆ ರಾಣಿಯ ಹಾಗೆ. ಪೊದೆಗಳ ಹಿಂದೆ ಮರೆಯಾದಳು. ಟುಕುಟುಕು ಸದ್ದು ಮಾತ್ರ ಏರುತ್ತಾ ಹೋಯಿತು, ಸಣ್ಣದಾಯಿತು, ತಟ್ಟನೆ ನಿಂತಿತು.

ಭಾವ ನನ್ನ ತೋಳು ಹಿಡಿದರು. ಗಾಳಿ ಬಿಟ್ಟರೆ ಬೇರೆ ಸದ್ದಿಲ್ಲ. ಅವರ ಫೋನು ಕಿರುಚಿತು.

“ರೀ,” ಅಕ್ಕನ ದನಿ ತೊದಲುತ್ತಿತ್ತು, “ನನ್ನ ಹಲ್ಲು ಮುರೀತು ರೀ!”

“ಬಿದ್ಲು!” ಎಂದು ಭಾವ ಪೆಟ್ಟಿಗೆ ಎತ್ತಿಕೊಂಡು ಓಡಿಯೇಬಿಟ್ಟರು. “ಎಲ್ಲಿ ಬಿದ್ದೆ? ಅಲ್ಲಾಡಬೇಡ! ಎಲ್ಲಿ ಬಿದ್ದೆ ಹೇಳೇ!”

“ಅಯ್ಯೋ, ಬಿದ್ದಿದ್ದು ನಾನಲ್ಲ, ಹಲ್ಲು! ತುದೀಗೆ ಬಂದು, ಬೈಕು ನಿಲ್ಲಿಸಿ, ಕಾಲು ಚಾಚಿ ಕೂತಿದ್ದೀನಿ. ನಮ್ಮ ಮನೆ ಕಿಟಕಿ ಕಾಣ್ತಿದೆ! ಅಮ್ಮ ಕೊಟ್ಟ ಕಡಲೇಲಿ ಒಂದು ಕಲ್ಲಿನ ಹಾಗಿತ್ತು ರೀ!” ಆಮೇಲೆ ಬಂದ ನಗುವಿಗೆ ಫೋನು ಬೇಕಿರಲಿಲ್ಲ, ಗುಡ್ಡದಿಂದ ನೇರವಾಗಿಯೇ ಕೇಳಿಸಿತು.

ಇಳಿದು ಬಂದಾಗ ಮೈಮೇಲೆ ಒಂದು ಗೀರಿಲ್ಲ. ಮುಂದಿನ ಹಲ್ಲು ಮಾತ್ರ ಅರ್ಧ. ಭಾವ ಕೈಕಾಲು ತಡವಿ ನೋಡಿ, ಪೆಟ್ಟಿಗೆಯ ಮೇಲೇ ಕುಸಿದು ಕೂತರು.

“ನಿಮ್ಮ ಪಾಲಿಸೀಲಿ ಕಡಲೆ ಬರುತ್ತೇನ್ರೀ?”

“ಬರಲ್ಲ ಕಣೇ” ಎಂದು ಅವರೂ ನಗತೊಡಗಿದರು.

ದಾರಿಯುದ್ದಕ್ಕೂ ಕಂಡವರೆಲ್ಲ “ಬೈಕಿಂದ ಬಿದ್ರಾ?” ಎಂದು ಕೇಳಿದರು. “ಬೈಕಿಂದಲ್ಲ, ಕಡಲೆಯಿಂದ!” ಎಂದು ಅಕ್ಕ ಗುಡುಗಿದಳು. ಒಬ್ಬರೂ ನಂಬಲಿಲ್ಲ. ಬಾಗಿಲಲ್ಲಿ ಕಾಯುತ್ತಿದ್ದ ಅಮ್ಮ ಮಾತ್ರ ನಂಬಿದಳು. ಮಗಳ ಬಾಯಿ ನೋಡಿದಳು, ಗುಡ್ಡ ನೋಡಿದಳು, ತನ್ನ ಸೆಟ್ಟು ತೆಗೆದು, ಸೆರಗಿನಲ್ಲಿ ಒರೆಸಿ, ಕೈ ನೀಡಿದಳು.

“ತಗೊಳ್ಳೇ, ಸದ್ಯಕ್ಕೆ ಇದು ಹಾಕ್ಕೋ. ಜೇಬಲ್ಲಿ ಇನ್ನೂ ಕಡಲೆ ಉಳಿದಿದೆಯಲ್ಲ.”