ಐರಾಣಿ ಗಡಿಗೆಯ ಮೇಲೊಂದು ಗಡಿಗೆ

ಕಣೇಕಲ್ಲಿನಲ್ಲಿ ತಿಗರಿ ತಿರುಗುವುದು ಈಗ ಕುಂಬಾರ ಕದಿರಪ್ಪನ ಮನೆಯಲ್ಲೊಂದೇ. ಅದೇ ಊರಿನ ಪಾಲಯ್ಯನ ಮಗಳ ಮದುವೆಗೆ ಮರುದಿನ ಐರಾಣಿ ಗಡಿಗೆಗಳು ಹೋಗಬೇಕು. ಪೂಜೆಯ ಆ ಗಡಿಗೆಗಳನ್ನು ಕದಿರಪ್ಪನ ಮನೆತನ ಯಾವತ್ತೂ ತಪ್ಪಿಸಿದ್ದಿಲ್ಲ. ಗಡಿಗೆ ಸುಡುವ ಆವಿಗೆಗೆ ಈಗಲೇ ಬೆಂಕಿ ಹಾಕಬೇಕು. ಆದರೆ ಒಣಗಿದ ದೊಡ್ಡ ಗಡಿಗೆಯ ಹೊಟ್ಟೆಗೆ ಇನ್ನೊಂದು ಗಡಿಗೆ ಅಂಟಿಕೊಂಡಿತ್ತು, ಬಾರೆಹಣ್ಣಿನಷ್ಟು. ಹುಳವೊಂದು ಅದರ ಬಾಯಿಗೆ ಕೊನೆಯ ಮಣ್ಣು ಮೆತ್ತುತ್ತಿತ್ತು.

"ಕಡಜ! ಕೆಡವಿ ಹಾಕ್ರಿ," ಅಂದಳು ಹೆಂಡತಿ ಈಶ್ವರಮ್ಮ.

"ಕಡಜ ಹಿಂಡಾಗಿ ಇರ್ತಾವ. ಇದು ಒಂಟಿ. ದಾರದಂಥ ನಡು ನೋಡು, ಮೈಮ್ಯಾಲ ಹಳದಿ ಪಟ್ಟಿ. ಮೂಲ್ಯಾಗ ಕೊಳವಿ ಕಟ್ಟಿ ಜೇಡ ತುಂಬ್ತೈತಲ್ಲ, ಅದೂ ಅಲ್ಲ. ಹಿಂಗ ಕಂಠ ತೆಗೆಯಾದು ಇದೊಂದ. ನಮ್ಮ ಕುಲದ್ದು."

"ಹಂಗಾರ ಪಾಲಯ್ಯಗ ಹೇಳ್ರಿ, ಐರಾಣಿ ಈ ನಿಮ್ಮ ಕುಲದ ತಂಗಿ ಕೊಡ್ತಾಳಂತ."

ಈ ಹುಳ ಹಸಿರು ಹುಳವನ್ನು ತಂದು ಒಳಗಿಟ್ಟು, ಗುಂಯ್‌ಗುಟ್ಟಿ ಗುಂಯ್‌ಗುಟ್ಟಿ ತನ್ನಂತೆಯೇ ಮಾಡಿಕೊಳ್ಳುತ್ತದೆ ಎಂದು ಅಜ್ಜ ಹೇಳಿದ್ದ. ಕದಿರಪ್ಪ ಅದನ್ನೇ ನಂಬಿದ್ದ. ಅಂಥ ಗೂಡನ್ನು ಬೆಂಕಿಗಿಡುವುದು ಹೇಗೆ?

ಹುಳ ಹಾರಿದ ಮೇಲೆ ಗೂಡಿನ ಬುಡಕ್ಕೆ ನೀರು ಹನಿಸಿ ನೆನೆಯಲು ಬಿಟ್ಟ. ತಿಗರಿಯ ಮೇಲಿನ ಹಸಿ ಗಡಿಗೆಯನ್ನು ಕೊಯ್ಯುವ ದಾರವನ್ನು ಎರಡರ ನಡುವೆ ಇಟ್ಟು ಉಸಿರು ಬಿಗಿಹಿಡಿದು ಎಳೆದ. ಗೂಡು ಬೆರಳುಗಳಿಗೆ ಬಂತು. ಗಡಿಗೆಗೆ ಅಂಟಿದ್ದ ಅದರ ಬೆನ್ನು ತೆರೆದುಕೊಂಡಿತ್ತು. ಇದ್ದ ದಿಕ್ಕಿನಲ್ಲೇ ಅದನ್ನು ಹಿಡಿದು ಬೆಳಕಿಗೆ ಒಡ್ಡಿದ.

ಒಳಗೆ ಹಸಿರು ಹುಳಗಳು ಒತ್ತೊತ್ತಾಗಿ ಬಿದ್ದಿದ್ದವು. ಸತ್ತಿರಲಿಲ್ಲ, ಆದರೆ ಏಳುವ ಶಕ್ತಿಯಿರಲಿಲ್ಲ. ಅವುಗಳ ಮೇಲೆ, ಕೂದಲಿಗಿಂತ ತೆಳ್ಳಗಿನ ಎಳೆಯೊಂದರಲ್ಲಿ, ಮೊಟ್ಟೆಯೊಂದು ತೂಗುತ್ತಿತ್ತು.

"ಬಾ ಇಲ್ಲಿ, ಮೆಲ್ಲಕ." ಅವನ ದನಿ ಅವನಿಗೇ ಕೇಳಿಸದಷ್ಟು ಇಳಿದಿತ್ತು. "ಅಜ್ಜ ತಪ್ಪು ತಿಳಿದಿದ್ದ. ಹುಳ ಅದರ ಮಗು ಅಲ್ಲ, ಬುತ್ತಿ. ಮಗು ತೊಟ್ಟಿಲದಾಗ ಐತಿ."

ಈಶ್ವರಮ್ಮ ಬಗ್ಗಿ ನೋಡಿದಳು. "ಯವ್ವಾ... ಮಗನ ಮುಖಾನೂ ನೋಡದ ಊಟ ಇಟ್ಟು ಹೋಗ್ಯಾಳಲ್ಲ. ಲಗೂನ ಮುಚ್ಚರಿ."

ಬಟ್ಟೆಯಲ್ಲಿ ಸೋಸಿದ ಕೆರೆಮಣ್ಣನ್ನು ಕದಿರಪ್ಪ ಬೆನ್ನಿಗೆ ಸವರಿದ. ಗೂಡನ್ನು ಗೋಡೆಯ ಮಾಡದಲ್ಲಿ ನಿಲ್ಲಿಸಿ, ಆವಿಗೆಗೆ ಬೆಂಕಿ ಕೊಟ್ಟ.

ಐರಾಣಿ ಗಡಿಗೆಗಳು ಓಲಗದೊಂದಿಗೆ ಮದುವೆಮನೆಗೆ ಹೋದವು. ಆಮೇಲೆ ಅವನಿಗೆ ಒಂದೇ ಚಿಂತೆ: ಮೆತ್ತಿದ್ದು ದಪ್ಪವಾಯಿತೇನೋ, ಎಳೆ ಹರಿಯಿತೇನೋ. ದಿನಾ ಎದ್ದವನೇ ಮಾಡದ ಮುಂದೆ ನಿಲ್ಲುತ್ತಿದ್ದ.

ಒಂದು ಬೆಳಿಗ್ಗೆ ಗೂಡಿನ ಮಗ್ಗುಲನ್ನು ಕೊರೆದ ದುಂಡನೆಯ ತೂತು. ಅದರ ಅಂಚಿನಲ್ಲಿ ನೂಲಿನಂಥ ನಡುವಿನ ಹುಳವೊಂದು ರೆಕ್ಕೆ ಒಣಗಿಸುತ್ತ ಕುಳಿತಿತ್ತು. ಕದಿರಪ್ಪ ನಗುತ್ತ ಕೈಮುಗಿದ. ಅದು ಹಾರಿತು.

"ಗಡಿಗಿ ಒಡೆದಿದ್ದಕ್ಕ ನಗೋ ಕುಂಬಾರನ್ನ ಇವತ್ತ ನೋಡಿದೆ," ಅಂದಳು ಈಶ್ವರಮ್ಮ.