ಮಂಡಿ ಡಾಕ್ಟರುಗಳನ್ನು ಬರಮಾಡಿಕೊಂಡ ಶಾಂತಾದೇವಿ

ಅರಸೀಕೆರೆಯ ಆ ಕಲ್ಯಾಣ ಮಂಟಪದಲ್ಲಿ ಮದುವೆಯಾದವರು ತಮಗೆ ಮಂತ್ರ ಹೇಳಿದ ಅಯ್ಯನವರ ಮುಖ ಮರೆತಿದ್ದಾರು, ಶಾಂತಾದೇವಿಯ ಮುಖ ಮರೆತಿರಲಾರರು. ಇಪ್ಪತ್ತೆರಡು ವರ್ಷದಿಂದ ಆಕೆ ಅಲ್ಲಿ ಮ್ಯಾನೇಜರು. ಮ್ಯಾನೇಜರು ಅನ್ನುವುದು ಆಫೀಸಿನ ಬೋರ್ಡಿನ ಮೇಲಿನ ಮಾತು. ಊರವರ ಬಾಯಲ್ಲಿ ಆಕೆ ಬಾಗಿಲ ಶಾಂತಕ್ಕ. ಬೀಗರು ಬಸ್ಸಿಳಿದು ಬಂದರೆ, "ತಿಪಟೂರಿನವರಲ್ವಾ? ಗಂಡಿನ ಕಡೆ ತಾನೇ? ಮೊದಲು ಕೈಕಾಲು ತೊಳ್ಕೊಳಿ, ಕಾಫಿ ಎಡಗಡೆ ಇದೆ" ಅನ್ನುವಳು. ಸ್ಟೇಷನ್ನಿಗೆ ಗಾಡಿ ಕಳಿಸಲಿಲ್ಲವೆಂದು ಮುಖ ಊದಿಸಿಕೊಂಡು ಬಂದ ಸೋದರಮಾವಂದಿರೂ ಬಾಗಿಲಿನಿಂದ ಊಟದ ಹಾಲ್ ಮುಟ್ಟುವುದರೊಳಗೆ ತಣ್ಣಗಾಗುತ್ತಿದ್ದರು. ಯಾರಿಗೆ ಹಸಿವು, ಯಾರಿಗೆ ಮುನಿಸು, ಯಾರು ಕರೆಯದೇ ಬಂದವರು ಅನ್ನುವುದೆಲ್ಲ ಆಕೆಗೆ ಅವರು ಮೆಟ್ಟಿಲು ಹತ್ತುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಮೆಟ್ಟಿಲು ಒಟ್ಟು ಹದಿಮೂರು. ಕಳೆದ ಆರು ವರ್ಷದಿಂದ ಶಾಂತಾದೇವಿಗೆ ಅವುಗಳಲ್ಲಿ ಒಂದೊಂದರ ಗುಣವೂ ಬೇರೆ ಬೇರೆಯಾಗಿ ಪರಿಚಯವಿತ್ತು. ಬಲಗಾಲ ಮಂಡಿ ಸವೆದಿತ್ತು. ಹತ್ತುವಾಗ ನೋವು, ಇಳಿಯುವಾಗ ಇನ್ನೂ ನೋವು. ವರ್ಷವೂ ತಪ್ಪದೆ ಹತ್ತುತ್ತಿದ್ದ ಜೇನುಕಲ್ಲು ಬೆಟ್ಟಕ್ಕೆ ಈಗ ಕೆಳಗಿನಿಂದಲೇ ಕೈಮುಗಿದು ಬರುತ್ತಿದ್ದಳು. ಈ ಸಂಗತಿ ಗೊತ್ತಿದ್ದದ್ದು ಗಂಡ ಏಕಾಂತಯ್ಯನಿಗೆ ಮಾತ್ರ. ಮಂಟಪ ನಡೆಸುವ ಟ್ರಸ್ಟಿನವರ ಕಿವಿಗೆ ಬಿದ್ದರೆ ಪಾಪ ಅಂದುಕೊಂಡು ತನ್ನನ್ನು ಒಳಗೆ ಆಫೀಸಿನ ಕುರ್ಚಿಯಲ್ಲಿ ಕೂರಿಸಿ, ಬಾಗಿಲಿಗೆ ಬೇರೆಯವರನ್ನು ನಿಲ್ಲಿಸುತ್ತಾರೆ ಎಂಬುದು ಆಕೆಯ ಭಯ. ಹಾಗಾಗಿ ಮೆಟ್ಟಿಲ ನಡುವೆ ನಿಲ್ಲಬೇಕಾಗಿ ಬಂದಾಗಲೆಲ್ಲ ಸೀರೆಯ ನೆರಿಗೆ ಸರಿಮಾಡಿಕೊಳ್ಳುವಳು. ಶಾಂತಕ್ಕನಷ್ಟು ಅಚ್ಚುಕಟ್ಟಾಗಿ ಸೀರೆ ಉಡುವವರು ತಾಲ್ಲೂಕಿನಲ್ಲೇ ಇಲ್ಲ ಎಂಬ ಹೆಸರು ಬಂತು.

ಕಳೆದ ಧನುರ್ಮಾಸದಲ್ಲಿ, ಮದುವೆಗಳಿಲ್ಲದೆ ಮಂಟಪ ಬಣಗುಡುತ್ತಿದ್ದಾಗ, ಊರಿನ ಮೂಳೆ ಡಾಕ್ಟರು ಶಶಿಧರ್ ಬಂದರು. ಅವರ ಸಂಘದ ಸಮ್ಮೇಳನವನ್ನು ಈ ಸಲ ತಮ್ಮೂರಿನಲ್ಲೇ ನಡೆಸುತ್ತೇನೆಂದು ಮಾತು ಕೊಟ್ಟು ಬಂದಿದ್ದರು. ಎರಡು ದಿನ, ನೂರ ಎಂಬತ್ತು ಜನ ಮಂಡಿ ಮತ್ತು ಕೀಲಿನ ತಜ್ಞರು, ಎರಡನೆಯ ದಿನ ಮಧ್ಯಾಹ್ನ ಹಳೇಬೀಡು, ಬೇಲೂರು ಪ್ರವಾಸ. "ಬಂದವರನ್ನ ನೋಡ್ಕೊಳ್ಳೋದು ನೀವೇ ಶಾಂತಕ್ಕ. ನೀವಿದ್ರೆ ನನಗೆ ನಿದ್ದೆ ಬರುತ್ತೆ," ಅಂದರು.

ಕೊಬ್ಬರಿ ಮಂಡಿಯಲ್ಲಿ ರೈಟರ್ ಆಗಿದ್ದ ಏಕಾಂತಯ್ಯ ಸುದ್ದಿ ಕೇಳಿ, "ಮಂಡಿ ಡಾಕ್ಟರುಗಳಾ? ನಮ್ಮ ಮಂಡಿಗೂ ಒಬ್ರನ್ನ ಕಳಿಸು, ಅದಕ್ಕೂ ಕಾಯಿಲೆ ಐತೆ," ಅಂದ. ಆಮೇಲೆ ದನಿ ತಗ್ಗಿಸಿ, "ನಿಂದೂ ತೋರಿಸ್ಬುಡೇ. ನೂರ ಎಂಬತ್ತು ಜನ ಮನೆ ಬಾಗಿಲಿಗೇ ಬತ್ತಾವ್ರೆ," ಅಂದ.

"ಬಂದ ನೆಂಟರ ಹತ್ರ ಯಾರಾದ್ರೂ ಕೆಲಸ ಹೇಳ್ತಾರೇನ್ರೀ," ಅಂದಳು ಶಾಂತಾದೇವಿ.

ಸಮ್ಮೇಳನದ ಹೆಸರು 'ನೋವಿಲ್ಲದ ನಡಿಗೆ'. ಏರ್ಪಾಟು ವಹಿಸಿಕೊಂಡು ಬೆಂಗಳೂರಿನಿಂದ ಬಂದ ಕಂಪನಿಯವರು ಮುಂಬಾಗಿಲಿಗೆ ಆಳೆತ್ತರದ ಚಿತ್ರ ಕಟ್ಟಿದರು. ಅದರಲ್ಲಿ ಶಾಂತಾದೇವಿಯ ವಯಸ್ಸಿನ ಹೆಂಗಸೊಬ್ಬಳು ನಗುನಗುತ್ತ ಮೆಟ್ಟಿಲು ಹತ್ತುತ್ತಿದ್ದಳು. ಸ್ವಾಗತದ ಟೇಬಲ್ಲನ್ನು ಕೆಳಗೆ ನೆರಳಲ್ಲಿ ಹಾಕೋಣವೆಂದು ಶಾಂತಾದೇವಿ ಸೂಚಿಸಿದ್ದಕ್ಕೆ ಕಂಪನಿಯ ಹುಡುಗಿ ಶಿಲ್ಪಾ ಒಪ್ಪಲಿಲ್ಲ. ಮೇಲಿದ್ದರೇ ಗ್ರ್ಯಾಂಡ್ ಅಂತೆ. ಕುರ್ಚಿಯನ್ನೂ ಎತ್ತಿಸಿದಳು. "ಆಂಟಿ, ಕೂತ್ಕೊಂಡು ವೆಲ್ಕಂ ಮಾಡಿದ್ರೆ ಫೋಟೋದಲ್ಲಿ ಡಲ್ ಆಗಿ ಕಾಣುತ್ತೆ. ನಿಂತೇ ಇರಿ, ಪ್ಲೀಸ್." ಕೊರಳಿಗೆ ಹಾಕುವ ಕಾರ್ಡುಗಳಲ್ಲಿ ಕೆಲಸಗಾರರ ಕಾರ್ಡು ಮುಗಿದುಹೋಗಿದ್ದರಿಂದ ಶಾಂತಾದೇವಿಗೆ ಭಾಷಣ ಮಾಡುವ ಹಿರಿಯ ಡಾಕ್ಟರುಗಳಿಗೆಂದು ಮಾಡಿಸಿದ, 'ಫ್ಯಾಕಲ್ಟಿ' ಎಂದು ಬರೆದ ಹಳದಿ ಕಾರ್ಡು ಸಿಕ್ಕಿತು.

ಹೀಗೆ, ಮಂಡಿ ಸವೆದ ಹೆಂಗಸು ನೂರ ಎಂಬತ್ತು ಮಂಡಿ ತಜ್ಞರನ್ನು ಹದಿಮೂರು ಮೆಟ್ಟಿಲ ಮೇಲೆ ನಿಂತುಕೊಂಡೇ ಸ್ವಾಗತಿಸಿದಳು. ಕೆಳಗೆ ಆಟೋ ನಿಂತಾಗಲೆಲ್ಲ ಅಭ್ಯಾಸಬಲದಿಂದ ಇಳಿದುಹೋಗಿ ಕರೆತಂದಳು. ಅಷ್ಟೂ ಜನರಲ್ಲಿ ಒಬ್ಬರೂ ಆಕೆಯ ಕಾಲಿನ ಕಡೆ ನೋಡಲಿಲ್ಲ. ನೋಡಿದವರು ಕಾರ್ಡು ನೋಡಿದರು. ಮೈಸೂರಿನ ಚಿಕ್ಕ ವಯಸ್ಸಿನ ಡಾಕ್ಟರೊಬ್ಬ ಕಾಫಿ ಹಿಡಿದು ಪಕ್ಕಕ್ಕೆ ಬಂದು, "ಮೇಡಂ, ಕೃತಕ ಮಂಡಿಗಳಲ್ಲಿ ನಿಮ್ಮ ಅನುಭವಕ್ಕೆ ಯಾವುದು ಒಳ್ಳೇದು ಅನ್ಸಿದೆ?" ಎಂದು ಕೇಳಿದ.

"ನಾನಿನ್ನೂ ಯಾವುದನ್ನೂ ಹಾಕಿ ನೋಡಿಲ್ಲಪ್ಪ," ಅಂದಳು.

ಇಷ್ಟು ದೊಡ್ಡವರಾಗಿಯೂ ಎಷ್ಟು ವಿನಯ ಎಂದು ಆತ ತಲೆದೂಗಿ ಹೋದ.

ಮುಖ್ಯ ಭಾಷಣಕ್ಕೆ ಬಂದವರು ಡಾಕ್ಟರ್ ಗಂಗಾಧರಪ್ಪ. ಬೆಂಗಳೂರಿನ ದೊಡ್ಡ ಆಸ್ಪತ್ರೆಯವರು, ವಯಸ್ಸು ಅರವತ್ತೇಳು, ಒಂಬತ್ತು ಸಾವಿರ ಮಂಡಿ ಬದಲಿಸಿದ ಕೈ ಎಂದು ಆಹ್ವಾನ ಪತ್ರಿಕೆಯಲ್ಲೇ ಅಚ್ಚಾಗಿತ್ತು. ಕಾರಿನಿಂದಿಳಿದ ಅವರನ್ನು ಹಾರ ಹಿಡಿದ ಜನ ಸುತ್ತಿಕೊಂಡಿತು. ಮೇಲೆ ನಿಂತಿದ್ದ ಶಾಂತಾದೇವಿಯ ಕಣ್ಣು ಎಂದಿನಂತೆ ಕಾಲಿನ ಮೇಲೆ ಹೋಯಿತು. ನಾಲ್ಕನೆಯ ಮೆಟ್ಟಿಲಲ್ಲಿ ಡಾಕ್ಟರು ನಿಂತು ಜೇಬಿನಿಂದ ಫೋನ್ ತೆಗೆದು ನೋಡಿದರು. ಎಂಟನೆಯದರಲ್ಲಿ ಮತ್ತೆ ನಿಂತು ಮತ್ತೆ ನೋಡಿದರು. ಎಷ್ಟು ಬಿಡುವಿಲ್ಲದ ಮನುಷ್ಯ ಎಂದು ಸುತ್ತಲಿನವರು ಗೌರವದಿಂದ ಕಾದರು. ಫೋನಿನಲ್ಲಿ ಬೆಳಕೇ ಹತ್ತಿರಲಿಲ್ಲವೆಂಬುದು ಕಂಡದ್ದು ಶಾಂತಾದೇವಿಗೊಬ್ಬಳಿಗೇ. ತನ್ನದು ನೆರಿಗೆ, ಇವರದು ಫೋನು, ಅಂದುಕೊಂಡಳು.

ಆ ದಿನ ಅವರ ಭಾಷಣ ಬಹಳ ಚೆನ್ನಾಗಿತ್ತು. "ನಮ್ಮ ಜನ ನೋವನ್ನು ಮುಚ್ಚಿಡುತ್ತಾರೆ. ಕಾರಣ ಒಂದೇ, ಹೆದರಿಕೆ. ಹೆದರುವಂಥದ್ದು ಇದರಲ್ಲಿ ಏನೂ ಇಲ್ಲ ಅಂತ ಅವರಿಗೆ ತಿಳಿಹೇಳುವುದು ನಮ್ಮ ಧರ್ಮ," ಎಂದರು. ಬಾಗಿಲಲ್ಲಿ ನಿಂತು ಕೇಳಿದ ಶಾಂತಾದೇವಿ, ಅವರು ಮೈಕಿನ ಮುಂದಿನ ಮೇಜನ್ನು ಎರಡೂ ಕೈಯಿಂದ ಬಿಗಿಯಾಗಿ ಹಿಡಿದದ್ದನ್ನು ನೋಡಿದಳು. ಚಪ್ಪಾಳೆ ನಿಂತ ಮೇಲೆ ಹತ್ತಿರ ಹೋಗಿ, "ಸಾರ್, ಊಟಕ್ಕೆ ಹೋಗಿ ಬರುವಾಗ ಅಡುಗೆಮನೆ ಕಡೆಯಿಂದ ಬನ್ನಿ. ಅಲ್ಲಿ ಕಾಫಿ ಬಿಸಿಬಿಸಿಯಾಗಿ ಸಿಗುತ್ತೆ," ಅಂದಳು. ಅಡುಗೆಮನೆಯ ಕಡೆ ಗ್ಯಾಸ್ ಸಿಲಿಂಡರ್ ಉರುಳಿಸಲು ಮಾಡಿದ ಇಳಿಜಾರಿತ್ತು, ಒಂದೂ ಮೆಟ್ಟಿಲಿರಲಿಲ್ಲ. ಅವರು ಆಕೆಯ ಮುಖವನ್ನೊಮ್ಮೆ ನೋಡಿದರು. ಅಲ್ಲಿಂದ ಎರಡು ದಿನವೂ ಆ ದಾರಿಯಲ್ಲೇ ಓಡಾಡಿದರು. ಭಟ್ಟರನ್ನೂ ಪಾತ್ರೆ ತೊಳೆಯುವವರನ್ನೂ ಮಾತಾಡಿಸದೆ ಒಳಗೆ ಬರುವುದಿಲ್ಲ, ಎಂಥ ದೊಡ್ಡ ಮನಸ್ಸು ಎಂದು ಸಮ್ಮೇಳನದ ತುಂಬ ಮಾತಾಯಿತು. ಮೊದಲ ದಿನ ಸಂಜೆಯೇ ಶಶಿಧರ್ ಅದನ್ನು ವೇದಿಕೆಯ ಮೇಲೂ ಹೇಳಿದರು.

ಎರಡನೆಯ ದಿನ ಊಟವಾದ ಮೇಲೆ ಬಸ್ಸುಗಳು ಜಾವಗಲ್ಲಿನ ಮೇಲೆ ಹಳೇಬೀಡಿಗೆ ಹೊರಟವು. ತಲೆ ಎಣಿಸುವುದಕ್ಕೆ, ನೀರು ಮಜ್ಜಿಗೆ ವಿಚಾರಿಸುವುದಕ್ಕೆ ಶಾಂತಾದೇವಿಯೂ ಹೊರಟಳು. ಗುಡಿಯ ಮುಂದೆ ಡಾಕ್ಟರುಗಳು ಚಪ್ಪಲಿ ಬಿಟ್ಟು ಗೈಡಿನ ಹಿಂದೆ ಎತ್ತರದ ಜಗಲಿ ಹತ್ತಿದರು. ಗೈಡ್ ಶಿಲ್ಪದ ಸೊಬಗನ್ನು ವರ್ಣಿಸುತ್ತಿದ್ದರೆ, ಬಳುಕಿ ನಿಂತ ನರ್ತಕಿಗೆ ನಲವತ್ತು ದಾಟಿದ ಮೇಲೆ ಬೆನ್ನು ಹಿಡಿದೀತೇ ಇಲ್ಲವೇ ಎಂದು ಇವರಲ್ಲಿ ಎರಡು ಪಕ್ಷವಾಯಿತು.

ಗಂಗಾಧರಪ್ಪನವರು ಮಾತ್ರ, "ನಾನು ಬಹಳ ಸಲ ನೋಡಿದ್ದೀನಿ, ನೀವು ಹೋಗಿ ಬನ್ನಿ," ಎಂದು ಹುಲ್ಲುಹಾಸಿನ ಅಂಚಿನಲ್ಲಿ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕೂತರು. ಶಾಂತಾದೇವಿ ಒಂದು ಲೋಟ ಮಜ್ಜಿಗೆ ತಂದುಕೊಟ್ಟು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಕೂರುವಾಗ ಕೈ ತಾನಾಗಿ ಮಂಡಿಗೆ ಹೋಯಿತು.

"ಎಷ್ಟು ವರ್ಷದಿಂದ?" ಎಂದು ಕೇಳಿದರು ಡಾಕ್ಟರು.

"ಆರು. ನಿಮ್ದು?"

ಅವರು ಮಜ್ಜಿಗೆಯನ್ನು ಪೂರ್ತಿ ಕುಡಿದು ಲೋಟ ಕೆಳಗಿಟ್ಟರು. "ನಾಲ್ಕು."

ಆಮೇಲೆ ಡಾಕ್ಟರಿನ ಗತ್ತು ತಂದುಕೊಂಡು ಕಾಲು ಚಾಚಿ ಅಂದರು, ಮಡಿಸಿ ಅಂದರು, ಸೀರೆಯ ಮೇಲಿಂದಲೇ ಒತ್ತಿ ನೋಡಿದರು. "ಮಾತ್ರೆಯಿಂದ ಹೋಗೋದಲ್ಲ ಇದು, ಶಾಂತಮ್ಮ. ಬದಲಾಯಿಸಲೇಬೇಕು. ಸುಮ್ಮನೆ ಹೆದರಿಕೊಂಡು ಕೂತಿದ್ದೀರಿ."

"ನಿಮಗೆ ಬದಲಾಯಿಸೋದು ಬೇಡವಾ ಸಾರ್?"

"ಮೂರು ವರ್ಷದ ಹಿಂದೇನೇ ಆಗಬೇಕಿತ್ತು."

"ಮತ್ತೆ ಯಾಕೆ ಮಾಡಿಸ್ಕೊಂಡಿಲ್ಲ?"

ಅವರು ಗುಡಿಯ ಕಡೆ ತಿರುಗಿ, "ಅದನ್ನು ಹೇಗೆ ಮಾಡ್ತಾರೆ ಅಂತ ನನಗೆ ಗೊತ್ತಲ್ಲ," ಅಂದರು.

ಶಾಂತಾದೇವಿ ನಗಲಿಲ್ಲ. ಬಾಗಿಲಲ್ಲಿ ನಿಂತು ಇಷ್ಟು ವರ್ಷದಲ್ಲಿ ಆಕೆ ಕಲಿತದ್ದರಲ್ಲಿ ಅದೂ ಒಂದು. ಡಾಕ್ಟರು ತಾವಾಗಿಯೇ ಮುಂದುವರಿಸಿದರು. ಮಂಡಿ ಡಾಕ್ಟರಿಗೇ ಮಂಡಿ ಹೋಗಿದೆ ಎಂದು ತಿಳಿದರೆ ಆಪರೇಷನ್ ಮಾಡಲು ಕೊಡುವುದಿಲ್ಲ, ಭಾಷಣಕ್ಕೆ ಕರೆದು ಶಾಲು ಹೊದಿಸಿ ಕೂರಿಸುತ್ತಾರೆ ಅಂದರು. ತನ್ನನ್ನು ಆಫೀಸಿನ ಕುರ್ಚಿಗೆ ಹಾಕುವಂತೆಯೇ ಎಂದು ಆಕೆಗೆ ಚೆನ್ನಾಗಿ ಅರ್ಥವಾಯಿತು.

ಅಷ್ಟರಲ್ಲಿ ಶಶಿಧರ್ ಜಗಲಿಯ ಮೇಲಿನಿಂದ ಕೈಬೀಸಿದರು. "ಸಾರ್, ಗ್ರೂಪ್ ಫೋಟೋ. ನೀವು ಮಧ್ಯದಲ್ಲಿ ನಿಲ್ಲಬೇಕು, ಮೇಲೆ ಬನ್ನಿ." ಡಾಕ್ಟರ ಕೈ ಜೇಬಿನ ಫೋನಿಗೆ ಹೋಯಿತು. ಶಾಂತಾದೇವಿ ಎದ್ದು ನಿಂತು, ಮದುವೆ ಮನೆಯಲ್ಲಿ ಎರಡೂ ಕಡೆಯವರಿಗೆ ಕೇಳಿಸುವ ದನಿಯಲ್ಲಿ, "ಅಲ್ಲಿಂದ ತೆಗೆದ್ರೆ ಗುಡಿ ಅರ್ಧನೂ ಬರಲ್ಲ, ಎಲ್ಲ ಇಲ್ಲಿಗೇ ಬನ್ನಿ. ಮಜ್ಜಿಗೆನೂ ಇಲ್ಲೇ ಇದೆ," ಅಂದಳು. ಗುಡಿ ಬಾರದಿದ್ದರೂ ಚಿಂತೆಯಿರಲಿಲ್ಲ, ಮಜ್ಜಿಗೆ ಅಂದದ್ದಕ್ಕೆ ಅಷ್ಟೂ ಜನ ಇಳಿದು ಬಂದರು. ಬೆಂಚಿನ ಹಿಂದೆ ಸಾಲಾಗಿ ನಿಂತರು. ಹಿರಿಯರು ಕೂತಿರುವುದೇ ಶೋಭೆ ಎಂದು ಶಿಲ್ಪಾಳೇ ಹೇಳಿದಳು. ಬೇಲೂರಿನಲ್ಲೂ ಶಾಂತಾದೇವಿ ಗೋಪುರದ ಬಳಿಯೇ ಒಂದು ಬೆಂಚು ಹುಡುಕಿಕೊಟ್ಟಳು.

ಸಮ್ಮೇಳನ ಭರ್ಜರಿಯಾಯಿತೆಂದು ಎಲ್ಲರೂ ಹೇಳಿದರು. ಮಂಟಪ ತೊಳೆಸಿದ್ದಾಯಿತು, ಸಂಕ್ರಾಂತಿ ಕಳೆದು ಮದುವೆಗಳು ಶುರುವಾದವು. ಒಂದು ದಿನ ಗಂಗಾಧರಪ್ಪನವರ ಫೋನು. "ಬೆಂಗಳೂರಿಗೆ ಬನ್ನಿ, ನಾನೇ ಮಾಡ್ತೀನಿ."

"ಮೊದಲು ನೀವು ಮಾಡಿಸ್ಕೊಳಿ ಸಾರ್, ಆಮೇಲೆ ನಾನು."

"ಇಲ್ಲ ಇಲ್ಲ, ಮೊದಲು ನೀವು."

ಊಟದ ಹಾಲ್‌ನ ಬಾಗಿಲಲ್ಲಿ ಬೀಗರು ಒಬ್ಬರನ್ನೊಬ್ಬರು ಮುಂದೆ ಬಿಡುವಂತೆ ಇದು ಒಂದೂವರೆ ತಿಂಗಳು ನಡೆಯಿತು. ಒಂದು ಮದುವೆಯಲ್ಲಿ ಹಣ್ಣಿನ ತಟ್ಟೆ ಹಿಡಿದು ಇಳಿಯುವಾಗ ಮಂಡಿ ಕೈಕೊಟ್ಟು, ಶಾಂತಾದೇವಿ ಎಲ್ಲರ ಮುಂದೆ ಆರನೆಯ ಮೆಟ್ಟಿಲಲ್ಲಿ ಕುಸಿದು ಕೂತಳು. ಟ್ರಸ್ಟಿನ ಅಧ್ಯಕ್ಷರೇ ಓಡಿಬಂದು ಎತ್ತಿದರು. ಆರು ವರ್ಷ ಕಾಪಾಡಿದ ಗುಟ್ಟು ಒಂದು ಗಳಿಗೆಯಲ್ಲಿ ಊರದ್ದಾಯಿತು. ಅಧ್ಯಕ್ಷರು, "ಎಷ್ಟು ದಿನ ಬೇಕಾದ್ರೂ ರಜ ತಗೊಳಮ್ಮ. ಈ ಬಾಗಿಲಿಗೆ ಇನ್ಯಾರನ್ನ ನಿಲ್ಸಕ್ಕಾಗುತ್ತೆ?" ಅಂದಾಗ ಆಕೆಗೆ ಅಳು ಬಂದದ್ದು ನೋವಿಗಲ್ಲ. ಆರು ವರ್ಷ ಸುಮ್ಮನೆ ಸಹಿಸಿದೆನಲ್ಲ ಎಂದು.

ಆಪರೇಷನ್ನನ್ನು ಗಂಗಾಧರಪ್ಪನವರೇ ಮಾಡಿದರು. ಹದಿನೈದು ದಿನ ಬೆಳಿಗ್ಗೆ ಸಂಜೆ ಫೋನ್ ಮಾಡಿ ವಿಚಾರಿಸಿದರು. ಇಂಥ ಡಾಕ್ಟರು ಎಲ್ಲೂ ಇಲ್ಲವೆಂದು ಏಕಾಂತಯ್ಯ ಕೊಬ್ಬರಿ ಮಂಡಿಯಲ್ಲೆಲ್ಲ ಹೇಳಿಕೊಂಡು ಬಂದ. ಶಾಂತಾದೇವಿಗೆ ಮಾತ್ರ ಆ ಪ್ರಶ್ನೆಗಳ ಧಾಟಿ ಬೇರೆಯಾಗಿ ಕೇಳುತ್ತಿತ್ತು. ಮೊದಲ ದಿನ ಕಾಲು ಊರಿದಾಗ ನಿಜವಾಗಿ ಹೇಗನಿಸಿತು? ನಿದ್ದೆ ಬಂತಾ? ಸುಮ್ಮನೆ ಧೈರ್ಯಕ್ಕೆ ಹೇಳ್ತಿಲ್ಲ ತಾನೇ? ಆಕೆ ಒಂದನ್ನೂ ಮುಚ್ಚಿಡದೆ ಹೇಳಿದಳು. ನೋವಿದ್ದದ್ದನ್ನು ನೋವೆಂದೇ ಹೇಳಿದಳು.

ಮಳೆಗಾಲದ ಹೊತ್ತಿಗೆ ಡಾಕ್ಟರೂ ತಮ್ಮ ಶಿಷ್ಯನೊಬ್ಬನ ಕೈಯಲ್ಲಿ ಮಾಡಿಸಿಕೊಂಡರು. ಮೂರನೆಯ ದಿನ ಅವರ ಫೋನು ಬಂದಾಗ ಶಾಂತಾದೇವಿ ಮನೆಯಲ್ಲಿ ಅಲಸಂದೆಕಾಯಿ ಸುಲಿಯುತ್ತಿದ್ದಳು.

"ಇಷ್ಟು ನೋವಾಗುತ್ತೆ ಅಂತ ನನಗೆ ಯಾವ ಡಾಕ್ಟರೂ ಹೇಳಲೇ ಇಲ್ಲ," ಎಂದರು, ಸಣ್ಣ ದನಿಯಲ್ಲಿ.

"ಹೇಳಬೇಕಾದವರು ನೀವೇ ಅಲ್ವಾ ಸಾರ್. ಇವತ್ತು ಎದ್ದು ನಡೆದ್ರಾ?"

"ನಾಳೆ ನೋಡೋಣ ಅಂತ."

"ನಾಳೆ ಅನ್ನಬೇಡಿ. ಕಿಟಕಿ ತನಕ ಹೋಗಿ ಬನ್ನಿ, ನಾನು ಫೋನ್ ಹಿಡ್ಕೊಂಡೇ ಇರ್ತೀನಿ."

ಅವರು ಫೋನನ್ನು ಅಂಗಿಯ ಜೇಬಿಗೆ ಹಾಕಿಕೊಂಡದ್ದು ಕೇಳಿಸಿತು. ಆಮೇಲೆ ವಾಕರ್ ನೆಲಕ್ಕೆ ತಾಗುವ ಟಕ್ ಟಕ್ ಸದ್ದು, ನಡುವೆ ಗೊಣಗಾಟ, ನರ್ಸಿನ ಮೇಲೆ ಸಿಡಿಮಿಡಿ. ಶಾಂತಾದೇವಿ ಫೋನನ್ನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಸಿಕೊಂಡು ಕಾಯಿ ಸುಲಿಯುತ್ತಲೇ ಇದ್ದಳು.

"ಯಾರೇ ಅದು, ಇಷ್ಟೊತ್ತು?" ಎಂದು ಕೇಳಿದ ಏಕಾಂತಯ್ಯ.

"ಪೇಷಂಟು," ಅಂದಳು.