ನಮ್ಮ ಮನೆಯಲ್ಲಿ ಉಂಡ ನ್ಯಾಯಾಧೀಶರು

ತೊಂಬತ್ತರ ದಶಕದಲ್ಲಿ ಅಮೆರಿಕದ ರಾಲಿ ಊರಿನಲ್ಲಿ ನಮ್ಮ ಪಕ್ಕದ ಮನೆಯವರು ಫೆಡರಲ್ ಕೋರ್ಟಿನ ನ್ಯಾಯಾಧೀಶರಾಗಿದ್ದರು. ನಮ್ಮ ಮಕ್ಕಳು ಸೈಕಲ್ಲಿಗೆ ಜಗಳವಾಡಿದರೂ ಹುಲ್ಲುಹಾಸು ದಾಟಿ ಬಂದು, ಕನ್ನಡಕವನ್ನು ಅಂಗಿಯ ಅಂಚಿನಲ್ಲಿ ಒರೆಸುತ್ತ, "ಇಬ್ಬರದ್ದೂ ಕೇಳೋಣ" ಎನ್ನುತ್ತಿದ್ದರು. ದೀಪಾವಳಿಗೆ ನಮ್ಮಲ್ಲೇ ಊಟ ಮಾಡಿ, ಚಕ್ಕುಲಿಯನ್ನು ಜೇಬಿಗೂ ಹಾಕಿಕೊಂಡು ಹೋಗುತ್ತಿದ್ದರು.

ನಮ್ಮ ಜೊತೆಗಿದ್ದ ನನ್ನ ತಮ್ಮ ಕೆಲಸಕ್ಕಿದ್ದ ಕಂಪನಿ ಸುಳ್ಳು ವೀಸಾ ಕಾಗದ ಸಲ್ಲಿಸಿ ಸಿಕ್ಕಿಬಿತ್ತು. ಮಾಲೀಕ ಹೇಳಿದ ಕಡೆ ಸಹಿ ಹಾಕಿದ್ದಕ್ಕೆ ಇವನ ಮೇಲೂ ಕೇಸಾಗಿ, ಜಾಮೀನಿನ ಮೇಲೆ ಹೊರಗಿದ್ದ. ಅದು ನಮ್ಮ ನ್ಯಾಯಾಧೀಶರ ಮುಂದೆಯೇ ಬಂದಿದೆ ಎಂದು ತಿಳಿದಾಗ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಚಕ್ಕುಲಿ ಕರಿದು, ಡಬ್ಬಿ ಹಿಡಿದು ಅವರ ಬಾಗಿಲಿಗೆ ಹೋದೆ.

ಅವರು ಕೈ ಚಾಚಲಿಲ್ಲ. "ಆ ಕೇಸನ್ನು ಬೆಳಿಗ್ಗೆಯೇ ಬೇರೆ ನ್ಯಾಯಾಧೀಶರಿಗೆ ಬಿಟ್ಟುಕೊಟ್ಟೆ. ನಾನು ನಿಮ್ಮ ಮನೆಯಲ್ಲಿ ಉಂಡವನು. ಅದು ಮುಗಿಯುವವರೆಗೆ ನಾವು ಮಾತಾಡುವುದು ಬೇಡ" ಎಂದರು.

"ತಿನ್ಸಿ ತಿನ್ಸಿ ಒಳ್ಳೇ ಜಡ್ಜನ್ನೇ ಕಳ್ಕೊಂಡ್ಯಲ್ಲೇ!" ಎಂದು ನನ್ನ ಗಂಡ ನಗಿಸಲು ನೋಡಿದರು.

"ಸುಮ್ನಿರಿ. ಅವನು ಜೈಲಿಗೆ ಹೋದ್ರೆ ಅಮ್ಮಂಗೆ ಏನ್ ಹೇಳ್ಲಿ?"

ಆ ಚಳಿಗಾಲವೆಲ್ಲ ನನಗೆ ಅನ್ನ ಸೇರಲಿಲ್ಲ. ನ್ಯಾಯಾಧೀಶರು ನಮ್ಮನ್ನು ಕಂಡರೆ ತಲೆಯಾಡಿಸಿ ಒಳಗೆ ಹೋಗುತ್ತಿದ್ದರು. ಕೋಪವೇನೋ ಎಂದುಕೊಂಡೆ. ತೀರ್ಪಿಗೆ ಮೊದಲೇ ಅವರು ಹೃದಯಾಘಾತದಿಂದ ತೀರಿಹೋದರು.

ನನ್ನ ತಮ್ಮ ನಿರಪರಾಧಿ ಎಂದು ತೀರ್ಪು ಬಂದ ದಿನ ಅವರ ಹೆಂಡತಿಗೆ ಹೇಳಲು ಹೋದೆ. ಆಕೆ ನನ್ನ ಕೈ ಹಿಡಿದುಕೊಂಡರು.

"ದಿನಾ ಸಂಜೆ ಈ ಕಿಟಕಿಯಲ್ಲಿ ನಿಂತು, ನಿಮ್ಮ ತಮ್ಮನ ಕಾರು ಬಂತಾ ಅಂತ ನೋಡುತ್ತಿದ್ದರು. ಬಂದ ಮೇಲೆಯೇ ಊಟಕ್ಕೆ ಕೂರುತ್ತಿದ್ದರು."